ಐದು ಭದ್ರಾವತಿಯದು, ಒಂದು ಯಾರದೋ

ಸುಸ್ತು ಎನ್ನುವುದು ಕಾಯಿಲೆಗಳ ಪೈಕಿ ಮರ್ಯಾದೆಯೇ ಇಲ್ಲದ ಕಾಯಿಲೆ. ಕಾಲು ಮುರಿದವನಿಗೆ ತೋರಿಸಲು ಬ್ಯಾಂಡೇಜು ಇರುತ್ತದೆ. ಸಕ್ಕರೆ ಕಾಯಿಲೆಯವನಿಗೆ ಮದುವೆಮನೆಯಲ್ಲಿ ಹೋಳಿಗೆಯನ್ನು ಕೈಯಡ್ಡ ಮಾಡಿ ಬೇಡವೆನ್ನುವ ಗತ್ತಾದರೂ ಇರುತ್ತದೆ. ಹೃದಯದ ಆಪರೇಷನ್ ಆದವನು ಬಂದರೆ ಜನ ಎದ್ದು ಕುರ್ಚಿ ಬಿಡುತ್ತಾರೆ. ಸುಸ್ತಾದವನಿಗೆ ಏನಿದೆ? ನಾನು ಯಾರ ಹತ್ತಿರವಾದರೂ "ಸುಸ್ತು" ಎಂದರೆ ಸಾಕು, ಅವರು ಆ ಕ್ಷಣವೇ ಆಕಳಿಸಿ, "ನಂಗೂ ಅಷ್ಟೇ ಮಾರಾಯ, ಬೆಳಿಗ್ಗೆಯಿಂದ ಒಂದೇ ಸಮ ಸುಸ್ತು" ಎಂದು ನನ್ನ ಕಾಯಿಲೆಯಲ್ಲಿ ಅರ್ಧ ಪಾಲು ತೆಗೆದುಕೊಂಡುಬಿಡುತ್ತಾರೆ. ಏಳು ವರ್ಷದ ಹಿಂದೆ ನನಗೊಂದು ಜ್ವರ ಬಂತು. ವಾರಕ್ಕೆ ಹೋಯಿತು. ಹೋಗುವಾಗ ನನ್ನೊಳಗಿದ್ದ ಏನನ್ನೋ ಜೊತೆಗೆ ಕಟ್ಟಿಕೊಂಡು ಹೋಯಿತು. ಅಂದಿನಿಂದ ಸ್ನಾನ ಮಾಡಿ ಬಂದರೆ ಅರ್ಧ ಗಂಟೆ ಮಲಗಬೇಕು, ತಲೆ ಒರೆಸಿಕೊಳ್ಳಲು ಕೈ ಎತ್ತಿದ್ದಕ್ಕೆ ಇನ್ನರ್ಧ ಗಂಟೆ. ರಕ್ತ, ಮೂತ್ರ, ಎಕ್ಸ್‌ರೇ, ಸ್ಕ್ಯಾನು ಎಲ್ಲವೂ ನಾರ್ಮಲ್. ಒಬ್ಬ ಡಾಕ್ಟರಂತೂ ರಿಪೋರ್ಟು ನೋಡಿ ಸಂತೋಷದಿಂದ ನನ್ನ ಕೈ ಕುಲುಕಿದರು. ಅವರು ಕುಲುಕಿದ ರಭಸಕ್ಕೆ ನಾನು ಆಟೋದ ಹಿಂದಿನ ಸೀಟಿನಲ್ಲಿ ಮಲಗಿಕೊಂಡು ಮನೆಗೆ ಬಂದೆ. ಕೊನೆಗೊಬ್ಬ ಹಿರಿಯ ವೈದ್ಯರು ಇದಕ್ಕೆ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದು ಹೆಸರಿಟ್ಟರು. "ಔಷಧಿ ಸಾರ್?" ಎಂದೆ. ಹೆಸರು ಕೊಟ್ಟಾಯಿತಲ್ಲ, ಇನ್ನೇನು ಎನ್ನುವಂತೆ ನೋಡಿದರು.

ಸುಸ್ತಿಗಾದರೂ ಒಗ್ಗಿಕೊಂಡೆ. ಹೆದರಿಸುತ್ತಿದ್ದದ್ದು ಮರೆವು. ಕಾಯಿಲೆಯ ಮೊದಲ ಎರಡು ವರ್ಷ ನನ್ನ ತಲೆಯಲ್ಲಿ ಇಲ್ಲವೇ ಇಲ್ಲ ಎಂದರೂ ನಡೆಯುತ್ತದೆ. ಬೀರು ತೆಗೆದರೆ ಬಟ್ಟೆಯ ಮಧ್ಯೆ ಹಾಲಿನ ಪ್ಯಾಕೆಟ್ಟು ಸಿಗುತ್ತಿತ್ತು. ಡೈರಿ ತೆಗೆದರೆ ನನ್ನದೇ ಅಕ್ಷರದಲ್ಲಿ, "ಅವರಿಗೆ ಹೇಳಬೇಕು, ಮರೆಯಬಾರದು" ಎಂದು ಬರೆದಿರುತ್ತಿತ್ತು. ಯಾರಿಗೆ, ಏನನ್ನು ಎಂದು ಇರುತ್ತಿರಲಿಲ್ಲ. ನಾನು ಮಲಗಿರುವಾಗ ನನ್ನ ಚಪ್ಪಲಿ ಹಾಕಿಕೊಂಡು ಇನ್ಯಾರೋ ಮನೆಯಲ್ಲಿ ಓಡಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಹೆಂಡತಿ ವನಜಳಿಗೆ ಹಾಗೆಂದರೆ, "ಓಡಾಡೋರು ಯಾರಾದ್ರೂ ಇದ್ರೆ ರೇಷನ್ನಾದ್ರೂ ತಂದುಕೊಡಕ್ಕೆ ಹೇಳಿ" ಎನ್ನುತ್ತಿದ್ದಳು.

ಹೀಗೆ ಮಲಗಿ ಮಲಗಿ ಮೊಬೈಲು ತೀಡುತ್ತಿದ್ದವನಿಗೆ ಒಂದು ಮಧ್ಯಾಹ್ನ ಪಾದರಸದ ವಿಷಯ ಸಿಕ್ಕಿತು. ಹಿಂದಿನ ಕಾಲದಲ್ಲಿ ಹುಳುಕು ಹಲ್ಲಿನ ತೂತಿಗೆ ತುಂಬುತ್ತಿದ್ದ ಬೆಳ್ಳಿಬಣ್ಣದ ಗಾರೆಯಲ್ಲಿ ಪಾದರಸ ಇರುತ್ತದೆ, ಅದು ಅಗಿಯುವಾಗ ಆವಿಯಾಗುತ್ತದೆ, ಮನುಷ್ಯನನ್ನು ಹಿಂಡಿ ಹಿಪ್ಪೆ ಮಾಡುತ್ತದೆ ಎಂದು ಯಾರೋ ಬರೆದಿದ್ದರು. ಎದ್ದು ಕುಳಿತೆ. ಏದುಸಿರಿಡುತ್ತಾ ಕನ್ನಡಿಯ ಮುಂದೆ ಹೋಗಿ ಬಾಯಿ ತೆರೆದೆ. ಒಳಗೆ ಕತ್ತಲಲ್ಲಿ ಅವು ಕುಳಿತಿದ್ದವು. ಕಪ್ಪಗೆ, ಒಂದು ಪಕ್ಕ ಮೂರು, ಇನ್ನೊಂದು ಪಕ್ಕ ಮೂರು. ಚಿಕ್ಕಂದಿನಲ್ಲಿ ಭದ್ರಾವತಿಯಲ್ಲಿ ತುಂಬಿಸಿದ್ದು. ಅಪ್ಪ ಅಲ್ಲಿನ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದರು. ಕ್ವಾರ್ಟರ್ಸಿನ ಹತ್ತಿರವೇ ಡಾಕ್ಟರ್ ಆರೋಗ್ಯಸ್ವಾಮಿ ಎಂಬ ಹಲ್ಲಿನ ವೈದ್ಯರಿದ್ದರು. ಕಲ್ಲಿನ ಪುಟ್ಟ ಒರಳಿನಲ್ಲಿ ಬೆಳ್ಳಿಪುಡಿಗೆ ಪಾದರಸ ಹಾಕಿ ಅರೆದು, ಬಟ್ಟೆಯಲ್ಲಿ ಹಿಂಡಿ, ಹಲ್ಲಿಗೆ ಮೆತ್ತುತ್ತಿದ್ದರು. ಅಳದೆ ಕೂತರೆ ಪಾದರಸದ ಒಂದು ಹನಿಯನ್ನು ಅಂಗೈ ಮೇಲೆ ಉರುಳಿಸಿ ಆಡಲು ಕೊಡುತ್ತಿದ್ದರು. ನಾನು ಅಳದ ಮಗು. ಬಹಳ ಆಡಿದ್ದೆ. ಏಳು ವರ್ಷದಿಂದ ಆರೋಪಿ ಇಲ್ಲದ ಕೇಸಾಗಿ ಬಿದ್ದಿದ್ದ ನನ್ನ ಸುಸ್ತಿಗೆ ಅವತ್ತು ಆರು ಜನ ಆರೋಪಿಗಳು ಒಟ್ಟಿಗೆ ಸಿಕ್ಕರು.

ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮ ಮನೆಗೆ ಎರಡು ಅಡ್ಡರಸ್ತೆ ಆಚೆ ಒಂದು ಹಲ್ಲಿನ ಕ್ಲಿನಿಕ್ಕಿದೆ. ನಾನು ವೈದ್ಯರನ್ನು ಆರಿಸುವುದು ಪದವಿ ನೋಡಿ ಅಲ್ಲ, ಮೆಟ್ಟಿಲು ನೋಡಿ. ಇಲ್ಲಿ ಮೆಟ್ಟಿಲಿಲ್ಲ. ಅಲ್ಲಿಗೆ ಹೋಗೋಣವೆಂದಾಗ ವನಜ ತರಕಾರಿ ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿ, "ಬೇರೆ ಕಡೆ ಹೋದ್ರಾಗಲ್ವಾ?" ಎಂದಳು. ಯಾಕೆ ಎಂದೆ. "ಸುಮ್ನೆ" ಎಂದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ವನಜ ಸುಮ್ಮನೆ ಹೇಳಿದ ಮಾತು ಒಂದೂ ಇಲ್ಲ. ಆದರೆ ಅದನ್ನು ಯೋಚಿಸುವ ತ್ರಾಣ ನನಗಿರಲಿಲ್ಲ.

ಕ್ಲಿನಿಕ್ಕಿನ ಡಾಕ್ಟರ್ ನಫೀಸಾ ಮೂವತ್ತರ ಆಸುಪಾಸಿನ ಹುಡುಗಿ. ಬಾಯಿ ತೊಳೆದುಕೊಂಡು ಬನ್ನಿ ಅಂಕಲ್ ಎಂದರು. ನಾನು ಎದ್ದು ಪರದೆ ಸರಿಸಿ, ಎಡಕ್ಕೆ ತಿರುಗಿ, ಕಪಾಟಿನ ಹಿಂದಿದ್ದ ಬೇಸಿನ್ನಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದೆ. ಅವರು ಅಚ್ಚರಿಯಿಂದ, "ಎಲ್ರೂ ಅದನ್ನ ಹುಡುಕ್ತಾರೆ ಅಂಕಲ್. ನಿಮಗೆ ಹೇಗೆ ಗೊತ್ತಾಯ್ತು?" ಎಂದರು. ಎಲ್ಲ ಕ್ಲಿನಿಕ್ಕೂ ಒಂದೇ ಥರ ತಾನೇ ಎಂದೆ. ಆದರೆ ಕುರ್ಚಿಯಲ್ಲಿ ಒರಗಿದಾಗ ಬೆನ್ನಿಗೆ ಆ ಕುರ್ಚಿಯ ತಗ್ಗು ಕೂಡ ಪರಿಚಯದ್ದು ಅನ್ನಿಸಿ ಸ್ವಲ್ಪ ಚಳಿಯಾಯಿತು. ಎ.ಸಿ. ಇರಬೇಕೆಂದುಕೊಂಡೆ. ಎ.ಸಿ. ಇರಲಿಲ್ಲ.

ಅವರು ಬಾಯಿ ಪೂರ್ತಿ ನೋಡಿ ಹೇಳಿದ್ದು ಇಷ್ಟು: ಆರರಲ್ಲಿ ಎರಡು ಬಿರುಕು ಬಿಟ್ಟಿವೆ, ಅವನ್ನು ಹೇಗಿದ್ದರೂ ಬದಲಾಯಿಸಬೇಕು. ಉಳಿದ ನಾಲ್ಕು ಗಟ್ಟಿಯಾಗಿವೆ, ಗಟ್ಟಿಯಾಗಿರುವುದನ್ನು ಕೀಳಲು ಹೋಗಬಾರದು, ಕೀಳುವಾಗಲೇ ಆವಿ ಹೆಚ್ಚು. "ಇನ್ನೊಂದು ಅಂಕಲ್, ಇದರಿಂದ ನಿಮ್ಮ ಸುಸ್ತು ಹೋಗುತ್ತೆ ಅಂತ ನಾನು ಮಾತ್ರ ಹೇಳಲ್ಲ. ಹಾಗೆ ಹೇಳೋರ ಹತ್ರ ಹೋಗಲೂ ಬೇಡಿ." ಈ ಕೊನೆಯ ಮಾತು ನನ್ನ ಕಿವಿಗೆ ಬಿದ್ದಿತು, ತಲೆಗೆ ಹೋಗಲಿಲ್ಲ. ಆರನ್ನೂ ಕಿತ್ತು ಒಗೆಯಿರಿ ಎಂದು ಹಟ ಹಿಡಿದೆ. ಅವರು ಮೊದಲು ಎರಡು ನೋಡೋಣ ಎಂದು ಸಮಾಧಾನ ಮಾಡಿ, "ಆರೂ ಒಬ್ಬರೇ ಡಾಕ್ಟರ್ ಮಾಡಿದ್ದಾ?" ಎಂದು ಕೇಳಿದರು. "ಒಬ್ಬರೇ. ಭದ್ರಾವತಿಯವರು. ನನ್ನ ಬಾಯಿಗೆ ಬೇರೆ ಯಾರೂ ಕೈ ಹಾಕಿಲ್ಲ" ಎಂದೆ. ಅವರು ಇನ್ನೊಮ್ಮೆ ಕನ್ನಡಿ ಹಾಕಿ, ಒಂದೇ ಹಲ್ಲನ್ನು ಬಹಳ ಹೊತ್ತು ನೋಡಿದರು. ಹೊರಗೆ ಬೆಂಚಿನ ಮೇಲೆ ವನಜ ಗೋಡೆಯ ಕ್ಯಾಲೆಂಡರನ್ನು, ಹೋದ ತಿಂಗಳ ಹಾಳೆಯನ್ನು, ಬಹಳ ಆಸಕ್ತಿಯಿಂದ ಓದುತ್ತಿದ್ದಳು.

ಹಲ್ಲು ಕೆರೆಸಿಕೊಳ್ಳುವ ಮೊದಲು ಆರೋಗ್ಯಸ್ವಾಮಿಯವರನ್ನು ಒಮ್ಮೆ ನೋಡಬೇಕು ಅನ್ನಿಸಿತು. ಕಾರಣ ಕೇಳಿದರೆ, ಯಾವ ಮಿಶ್ರಣ ಹಾಕಿದ್ದರೆಂದು ತಿಳಿದುಕೊಳ್ಳಲು ಎಂದೆ. ನಿಜ ಹೇಳಬೇಕೆಂದರೆ ಜಗಳವಾಡಲು. ಏಳು ವರ್ಷ ಮಲಗಿದವನಿಗೆ ಒಂದು ಸಲವಾದರೂ ಯಾರದಾದರೂ ಮುಖದ ಮುಂದೆ ಬೆರಳು ತೋರಿಸಿ "ನೀವೇ ಕಾರಣ" ಅನ್ನಬೇಕೆಂಬ ಆಸೆ ಇರುತ್ತದೆ. ಅವರು ಬದುಕಿದ್ದಾರೆ, ಹಳೆಯ ಮನೆಯಲ್ಲೇ ಇದ್ದಾರೆ ಎಂದು ಭದ್ರಾವತಿಯ ಗೆಳೆಯನೊಬ್ಬ ಹೇಳಿದ. ಹದಿನೈದು ದಿನ ವಿಶ್ರಾಂತಿ ತೆಗೆದುಕೊಂಡು, ಶಕ್ತಿ ಕೂಡಿಟ್ಟು, ವನಜಳ ಜೊತೆ ಕಾರು ಮಾಡಿಕೊಂಡು ಹೊರಟೆ. ಜಗಳಕ್ಕೆ ಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು, ಅದರಿಂದಲೇ ಸುಸ್ತಾಗಿ, ಭದ್ರಾವತಿ ಮುಟ್ಟುವ ಹೊತ್ತಿಗೆ ನಿದ್ದೆ ಹೋಗಿದ್ದೆ.

ಎದ್ದಾಗ ಕಾರು ಕ್ವಾರ್ಟರ್ಸಿನ ರಸ್ತೆಯಲ್ಲಿತ್ತು. ಸುಡುವ ಮಧ್ಯಾಹ್ನ. ನಾನು ಬೆಳೆದ ರಸ್ತೆ ಅದು, ಸೈರನ್ ಕೂಗಿದರೆ ಸೈಕಲ್ಲುಗಳಿಂದ ತುಂಬಿಹೋಗುತ್ತಿತ್ತು. ಈಗ ಒಂದು ನಾಯಿಯೂ ಇರಲಿಲ್ಲ. ಸಾಲು ಮನೆಗಳು, ಒಂದಕ್ಕೊಂದು ಹೋಲುವ ಬಾಗಿಲುಗಳು, ಬಾಗಿಲಿಗೆ ತುಕ್ಕು ಹಿಡಿದ ಬೀಗ. ಒಂದು ಮನೆಯ ಅಡುಗೆಮನೆಯ ಕಿಟಕಿಯಿಂದ ಅತ್ತಿಮರದ ಕೊಂಬೆ ಹೊರಗೆ ಕೈ ಚಾಚಿತ್ತು, ಮನೆಯವರು ನೀರು ಹೊರಗೆ ಚೆಲ್ಲುವಾಗ ಚಾಚುವ ಹಾಗೆ. ಕೊನೆಯ ಮನೆಯ ಮುಂದೆ ಮಾತ್ರ ರಂಗೋಲಿ ಇತ್ತು. ಅದರ ಜಗಲಿಯಲ್ಲಿ ಏಣಿಯ ಮೇಲೆ ನಿಂತು ಬಲ್ಬು ಬದಲಾಯಿಸುತ್ತಿದ್ದ ಮುದುಕರೇ ಆರೋಗ್ಯಸ್ವಾಮಿ. ಎಂಬತ್ತು ದಾಟಿದೆ. ನಮ್ಮನ್ನು ಕಂಡು ಏಣಿಯಿಂದ ಸರಸರನೆ ಇಳಿದು ಬಂದರು. ನಾನು ಗೇಟಿನಿಂದ ಜಗಲಿಗೆ ಹನ್ನೆರಡು ಹೆಜ್ಜೆ ನಡೆದು ಕಂಬ ಹಿಡಿದುಕೊಂಡೆ. ನನ್ನ ಜಗಳದ ಮೊದಲ ವಾಕ್ಯ, "ಪಾದರಸದಿಂದ ಮನುಷ್ಯನ ಶಕ್ತಿ ಉಡುಗಿಹೋಗುತ್ತದೆ" ಎಂಬುದು, ಅಲ್ಲಿಗೇ ಸತ್ತಿತು.

"ಕ್ರೇನ್ ನರಸಿಂಹಪ್ಪನ ಮಗ ಅಲ್ವಾ? ವಾ ತಂಬಿ, ಬಾ" ಎಂದು ಒಳಗೆ ಕರೆದರು. ಒಳಗೆ ಕಾಲಿಟ್ಟ ವನಜ ನನ್ನ ತೋಳು ಹಿಡಿದುಕೊಂಡಳು. ನಡುಮನೆಯ ಒಂದು ಗೋಡೆಯ ತುಂಬ, ನೆಲದಿಂದ ಸೂರಿನವರೆಗೆ, ಹಲಗೆಗಳ ಮೇಲೆ ಸಾಲುಸಾಲು ಹಲ್ಲುಗಳು. ಬಿಳಿ ಗಾರೆಯ ಅಚ್ಚುಗಳು. ಹಲ್ಲಿನ ಸೆಟ್ಟು ಮಾಡಲು ತೆಗೆದುಕೊಂಡವು, ಒಂದನ್ನೂ ಅವರು ಎಸೆದಿರಲಿಲ್ಲ. ಒಸಡಿನ ಜೊತೆಗಿನ ದವಡೆಗಳು, ಕೆಲವು ತೆರೆದು, ಕೆಲವು ಕಚ್ಚಿಕೊಂಡು, ತುಟಿಯಿಲ್ಲದೆ, ಮುಖವಿಲ್ಲದೆ, ಎಲ್ಲವೂ ನಮ್ಮ ಕಡೆಗೇ. ಅಡಿಯಲ್ಲಿ ಪೆನ್ಸಿಲಿನಲ್ಲಿ ಹೆಸರು, ಕ್ವಾರ್ಟರ್ಸ್ ನಂಬರು. "ಇವ್ರೆಲ್ಲ ಫಸ್ಟ್ ಶಿಫ್ಟಿನೋರು" ಎಂದು ಮುದುಕರು ಮೇಲಿನ ಸಾಲು ತೋರಿಸಿದರು. "ಇದು ಫೌಂಡ್ರಿ ಕಡೆ. ಈ ಸಾಲಲ್ಲಿ ಈಗ ಯಾರೂ ಇಲ್ಲ. ಹಲ್ಲು ಮಾತ್ರ ಇದೆ." ಹಲಗೆಯ ಮೇಲೆ ಒಂದಿಷ್ಟೂ ಧೂಳಿರಲಿಲ್ಲ. ದಿನಾ ಬೆಳಿಗ್ಗೆ ಒರೆಸುತ್ತಾರಂತೆ, ಒಬ್ಬೊಬ್ಬರ ಹೆಸರು ಹೇಳಿಕೊಂಡು.

ಮೂರನೇ ಹಲಗೆಯಿಂದ ಒಂದನ್ನು ತೆಗೆದು ನನ್ನ ಕೈಗಿಟ್ಟರು. "ನಿಮ್ಮಪ್ಪ."

ಅಪ್ಪ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಮನೆಯಲ್ಲಿರುವ ಯಾವ ಫೋಟೋದಲ್ಲೂ ಅಪ್ಪ ನಕ್ಕಿಲ್ಲ. ಕ್ಯಾಮರಾ ಕಂಡರೆ ಬಾಯಿ ಬಿಗಿದುಕೊಳ್ಳುತ್ತಿದ್ದರು. ಎಡಗಡೆಯ ಒಂದು ಮೇಲುಹಲ್ಲು ಓರೆಯಾಗಿತ್ತು, ಅದರ ನಾಚಿಕೆ. ಮನೆಯವರೆದುರು ಮಾತ್ರ, ಅದೂ ಯಾವಾಗಲೋ ಒಮ್ಮೆ, ಆ ಓರೆ ಹಲ್ಲು ಹೊರಗೆ ಬರುತ್ತಿತ್ತು. ಈಗ ಅದು ನನ್ನ ಅಂಗೈ ಮೇಲಿತ್ತು. ಅಪ್ಪನ ನಗು, ಅಪ್ಪ ಇಲ್ಲದೆ. ತಣ್ಣಗಿತ್ತು. ನನಗರಿವಿಲ್ಲದೆ ಹೆಬ್ಬೆರಳಿನಿಂದ ಆ ಹಲ್ಲು ಮುಟ್ಟಿದೆ. ಬದುಕಿದ್ದಾಗ ಅಪ್ಪನ ಮುಖವನ್ನು ಹಾಗೆ ಮುಟ್ಟಿದ ನೆನಪಿಲ್ಲ. "ಬೇಕಾದ್ರೆ ತಗೊಂಡೋಗು ತಂಬಿ" ಎಂದರು. ವನಜಳ ಮುಖ ನೋಡಿದೆ. ತೆಗೆದುಕೊಂಡು ಹೋಗಿ ಇಡುವುದೆಲ್ಲಿ? ದೇವರ ಮನೆಯಲ್ಲಿಟ್ಟರೆ ದೇವರು ಗಾಬರಿಯಾಗುತ್ತಾನೆ, ಟಿ.ವಿ. ಪಕ್ಕ ಇಟ್ಟರೆ ನೆಂಟರು. ಅಲ್ಲೇ ಶಿಫ್ಟಿನವರ ಜೊತೆ ಇರಲಿ ಎಂದು ವಾಪಸು ಕೊಟ್ಟೆ. ಕೊಡುವಾಗ ಕೈ ಬಿಡಲು ಸ್ವಲ್ಪ ಹೊತ್ತು ಹಿಡಿಯಿತು.

ಆಮೇಲೆ ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂರಿಸಿ ನನ್ನ ಬಾಯಿ ನೋಡಿದರು. ಲೋಟ ಹಿಡಿದಾಗ ಅವರ ಕೈ ನಡುಗುತ್ತಿತ್ತು, ಕಾಫಿ ತುಳುಕುವಷ್ಟು. "ಇಷ್ಟು ವರ್ಷ ಪಾದರಸ ಹಿಂಡಿದೀರಲ್ಲ ಸಾರ್, ಅದಕ್ಕಾ?" ಎಂದು ಮೆಲ್ಲಗೆ ಕೇಳಿದೆ. ಜಗಳದಲ್ಲಿ ಉಳಿದಿದ್ದದ್ದು ಅಷ್ಟೇ. "ಅದಕ್ಕೋ, ವಯಸ್ಸಿಗೋ. ಕೈಯನ್ನ ಕೇಳಿದ್ರೆ ಹೇಳಲ್ಲ" ಎಂದರು. ಆದರೆ ಪುಟ್ಟ ಕನ್ನಡಿ ನನ್ನ ಬಾಯೊಳಗೆ ಹೋದ ಕೂಡಲೇ ಆ ನಡುಕ ಸ್ವಿಚ್ಚು ಆರಿಸಿದಂತೆ ನಿಂತಿತು. "ಇದು ನಂದು. ಇದು ನಂದು. ಮೂರು... ಈ ಕಡೆ, ಇದು ನಂದು, ಐದು." ಅಲ್ಲಿ ನಿಂತರು. ಟಾರ್ಚು ಹತ್ತಿರ ತಂದರು. "ಇದು ನಂದಲ್ಲ ತಂಬಿ."

"ನಿಮ್ಮದೇ ಇರಬೇಕು ಸಾರ್. ನಾನು ಬೇರೆ ಯಾರ ಹತ್ರಾನೂ ಹೋಗಿಲ್ಲ."

"ನನ್ನ ಕೈ ನನಗೆ ಗೊತ್ತಾಗಲ್ವಾ? ನಾನು ಹಲ್ಲಲ್ಲಿ ಮೊದಲು ಹೆಂಗೆ ಗೆರೆ ಇತ್ತೋ ಹಂಗೇ ಕೆತ್ತೀನಿ. ಇದು ಸಪಾಟು. ಇನ್ನೂ ಹಳೇದಾಗಿಲ್ಲ. ಹೆಚ್ಚಂದ್ರೆ ಐದಾರು ವರ್ಷ." ಕನ್ನಡಿ ಹೊರಗೆ ತೆಗೆದರು. ಕೈ ಮತ್ತೆ ನಡುಗತೊಡಗಿತು. "ಯಾರೋ ಬಂದು ಹಾಕಿದಾರೆ."

ಯಾರೋ ಬಂದು ಹಾಕಲು ಅದೇನು ಗೋಡೆಗೆ ಅಂಟಿಸುವ ಪೋಸ್ಟರೇ? ನಗಬೇಕೆಂದುಕೊಂಡೆ. ಆಗಲಿಲ್ಲ. ನಾಲಿಗೆ ತಾನಾಗಿಯೇ ಕೆಳಗಿನ ಎಡದವಡೆಯ ಆ ಹಲ್ಲಿಗೆ ಹೋಗಿ ಸವರಿತು. ನಿಜ. ನುಣುಪಾಗಿತ್ತು. ಬೇರೆಯವರ ಮನೆಯ ಪಾತ್ರೆ ನಮ್ಮ ಅಡುಗೆಮನೆಯಲ್ಲಿ ಸೇರಿಕೊಂಡಂತೆ. ವನಜ ಗೇಟಿನ ಬಳಿ ಬೆನ್ನು ಹಾಕಿ ನಿಂತು ಮುಚ್ಚಿದ ಮನೆಗಳನ್ನು ನೋಡುತ್ತಿದ್ದಳು.

ಅಂದಿನಿಂದ ಒಂದು ವಾರ ಆ ಹಲ್ಲಿನ ಕಡೆ ಅನ್ನ ಹೋಗದಂತೆ ಊಟ ಮಾಡಿದೆ. ಅಷ್ಟರಲ್ಲಿ ಇನ್ನೊಂದಾಯಿತು. ಆಲ್ಕೊಳ ಸರ್ಕಲ್ಲಿನಲ್ಲಿ ಆಟೋ ನಿಲ್ಲಿಸಿ ವನಜ ಬಾಳೆಹಣ್ಣು ಕೊಳ್ಳಲು ಇಳಿದಳು. ನಾನು ಒಳಗೇ ಒರಗಿ ಕುಳಿತಿದ್ದೆ. ಕಬ್ಬಿನ ಹಾಲಿನ ಗಾಡಿಯವನು ನನ್ನನ್ನು ಕಂಡವನೇ ಯಂತ್ರ ನಿಲ್ಲಿಸಿ ಕೈ ಒರೆಸಿಕೊಳ್ಳುತ್ತಾ ಓಡಿ ಬಂದ. "ಏನ್ ಸಾರ್, ಎಷ್ಟು ವರ್ಷ ಆಯ್ತು! ಮತ್ತೆ ಬರಲೇ ಇಲ್ಲ ನೀವು? ಅವತ್ತು ಎಷ್ಟು ನಗಿಸಿದ್ರಿ, ಯಾ ಅಲ್ಲಾ! ನಮ್ಮನೇಲಿ ಇವತ್ತಿಗೂ ಹೇಳ್ತೀನಿ." ನೀವು ಬೇರೆ ಯಾರನ್ನೋ ನೋಡಿರಬೇಕು ಎಂದೆ. ಅವನ ಮುಖ ಚಿಕ್ಕದಾಯಿತು. ನನ್ನನ್ನೇ ದಿಟ್ಟಿಸಿ, "ಹೌದು ಸಾರ್, ಅವರು ಇಷ್ಟು ಸೊರಗಿರಲಿಲ್ಲ" ಎಂದು ಹಿಂದೆ ಸರಿದ. ನನ್ನ ಹಾಗೇ ಇರುವ, ನನಗಿಂತ ಮೈಕೈ ತುಂಬಿಕೊಂಡಿರುವ, ಕಬ್ಬಿನ ಹಾಲು ಕುಡಿದು ಜನರನ್ನು ನಗಿಸುವ ಒಬ್ಬ ಮನುಷ್ಯ ಶಿವಮೊಗ್ಗದಲ್ಲಿ ಓಡಾಡಿಕೊಂಡಿದ್ದಾನೆ ಎಂದಾಯಿತು. ನಾನು ವರ್ಷಗಟ್ಟಲೆ ಮಲಗಿದ್ದೇ ಅವನಿಗೆ ಅನುಕೂಲವಾಗಲೆಂದೇನೋ ಅನ್ನಿಸಿ, ಆಟೋದ ಪರದೆ ಎಳೆದುಕೊಂಡೆ.

ಬಿರುಕು ಬಿಟ್ಟ ಎರಡನ್ನು ತೆಗೆದದ್ದು ಅದರ ಮರುವಾರ. ಡಾಕ್ಟರ್ ನಫೀಸಾ, ಅವರ ಸಹಾಯಕಿ ಇಬ್ಬರೂ ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡು ಬಂದರು. ನನ್ನ ಕಣ್ಣಿಗೆ ಕನ್ನಡಕ, ಮೂಗಿಗೆ ನಳಿಗೆ, ಮುಖದ ಮೇಲೆ ಬಟ್ಟೆ, ಬಾಯಿಗೆ ಅಡ್ಡಲಾಗಿ ನೀಲಿ ರಬ್ಬರ್ ಹಾಳೆ, ಅದರ ತೂತಿನಿಂದ ಎರಡೇ ಹಲ್ಲು ಹೊರಗೆ. ಮೇಲಿನ ದೀಪದ ಗಾಜಿನಲ್ಲಿ ಪ್ರತಿಬಿಂಬ ಕಾಣುತ್ತಿತ್ತು. ನಾನು ಎಲ್ಲೂ ಇರಲಿಲ್ಲ. ನೀಲಿಯ ಮಧ್ಯೆ ಎರಡು ಹಲ್ಲು, ಅಷ್ಟೇ, ಭದ್ರಾವತಿಯ ಹಲಗೆಯ ಮೇಲಿದ್ದವರ ಹಾಗೆ. ಯಂತ್ರ ಕೊರೆಯುವ ಸದ್ದು ಪಕ್ಕದ ಮನೆಯಿಂದ ಬಂದಂತೆ ಕೇಳುತ್ತಿತ್ತು. ಮುಗಿದ ಮೇಲೆ ಮುಚ್ಚಳದ ಸೀಸೆಯಲ್ಲಿ ನೀರಿನಡಿಯಲ್ಲಿ ಬಿದ್ದಿದ್ದ ಕಪ್ಪು ಚೂರುಗಳನ್ನು ತೋರಿಸಿದರು. ಇಷ್ಟು ವರ್ಷ ನನ್ನ ಜೊತೆ ಕೂತು ಉಂಡವರು. ಮನೆಗೆ ಬಂದು ಶಕ್ತಿ ಉಕ್ಕುವುದನ್ನು ಕಾಯುತ್ತಾ ಮಲಗಿದೆ. ಉಕ್ಕಲಿಲ್ಲ. ಕುರ್ಚಿಯಲ್ಲಿ ಒಂದೂವರೆ ಗಂಟೆ ಬಾಯಿ ತೆರೆದು ಕೂತ ಆಯಾಸಕ್ಕೆ ಹದಿನಾರು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಹಲ್ಲೆರಡು ಬೆಳ್ಳಗಾದವು, ನಾನು ಕಪ್ಪಿಟ್ಟೆ.

ಹದಿನೇಳನೆಯ ದಿನ ಉಳಿದವುಗಳ ಬಗ್ಗೆ ವಾದ ಮಾಡಲು ಹೋದಾಗ ಡಾಕ್ಟರ್ ನಫೀಸಾ ಒಂದು ಹಳೆಯ ಕಾರ್ಡನ್ನು ಮೇಜಿನ ಮೇಲಿಟ್ಟರು. "ಅಂಕಲ್, ಈ ಕ್ಲಿನಿಕ್ಕು ನಾನು ಇನ್ನೊಬ್ಬ ಡಾಕ್ಟರಿಂದ ತಗೊಂಡಿದ್ದು. ಆ ಒಂದು ಫಿಲ್ಲಿಂಗು ಅವರ ಕೆಲಸದ ಥರ ಕಾಣ್ತು. ಅದಕ್ಕೆ ಹಳೇ ಕಾರ್ಡು ಹುಡುಕಿಸಿದೆ." ಕಾರ್ಡಿನಲ್ಲಿ ನನ್ನ ಹೆಸರು. ನನ್ನ ವಿಳಾಸ. ಕೆಳಗಿನ ಎಡದವಡೆ. ತಾರೀಖು ನೋಡಿದೆ. ಕಾಯಿಲೆಯ ಎರಡನೇ ವರ್ಷ, ನಾನು ಎದ್ದು ಕೂರಲೂ ಆಗದೆ ಬಿದ್ದಿದ್ದ ದಿನಗಳು. ತಾರೀಖಿನ ಕೆಳಗೆ ಸಹಿ.

ಕಾಯಿಲೆ ಬೀಳುವವರೆಗೂ ನಾನು ನೋಂದಣಿ ಕಚೇರಿಯ ಗುಮಾಸ್ತ. "ಈ ಸಹಿ ನಂದಲ್ಲ ಸಾರ್, ನಾನವತ್ತು ಊರಲ್ಲೇ ಇರಲಿಲ್ಲ" ಎಂದು ಅಳುವವರನ್ನು ಬಹಳ ಮಂದಿ ಕಂಡಿದ್ದೇನೆ. ಸಹಿಯ ಬಾಲ ನೋಡಿದರೆ ಅಸಲೋ ನಕಲಿಯೋ ಹೇಳಬಲ್ಲೆ. ಇದು ಅಸಲು. ಅಷ್ಟೇ ಅಲ್ಲ, ಕಾಯಿಲೆಯ ನಂತರ ಹಾಕುವ ನನ್ನ ಸಹಿ ಕೊನೆಗೆ ಬರುವಷ್ಟರಲ್ಲಿ ಗೆರೆಯಾಗಿ ಮಲಗಿಬಿಡುತ್ತದೆ. ಇದು ಹಾಗಿರಲಿಲ್ಲ. ಬಾಲ ಮೇಲಕ್ಕೆ ಚಿಮ್ಮಿ ಸುತ್ತು ಹೊಡೆದಿತ್ತು, ಮದುವೆಯಾದ ಹೊಸತರಲ್ಲಿ ಹಾಕುತ್ತಿದ್ದ ಹಾಗೆ. ಅದರ ಕೆಳಗೆ ಡಾಕ್ಟರು ಬರೆದಿದ್ದ ಒಂದೇ ಸಾಲು: "ಮುಂದಿನ ಭೇಟಿ: ಬರಲಿಲ್ಲ."

ಕಾರ್ಡು ಹಿಡಿದು ಹೊರಗೆ ಬಂದು ವನಜಳ ಪಕ್ಕ ಕುಳಿತೆ. ಅವಳು ಅದನ್ನು ನೋಡಿದಳು, ಓದಲಿಲ್ಲ. ಓದುವ ಅಗತ್ಯ ಇರಲಿಲ್ಲ.

"ಅವತ್ತು ಹಲ್ಲುನೋವು ಅಂತ ಎದ್ರಿ" ಎಂದಳು ಕೊನೆಗೆ. "ಎದ್ದೋರು ಶೇವ್ ಮಾಡ್ಕೊಂಡ್ರಿ. ಬಚ್ಚಲಲ್ಲಿ ಸಿಳ್ಳೆ ಹಾಕ್ತಿದ್ರಿ. ನಾನು ಒಲೆ ಆರಿಸಿ ಸುಮ್ನೆ ಕೇಳ್ತಾ ನಿಂತೆ. ಒಂದೂವರೆ ವರ್ಷ ಆಗಿತ್ತು ಆ ಸಿಳ್ಳೆ ಕೇಳಿ. ನೀವೇ ಸ್ಕೂಟರ್ ತೆಗೆದ್ರಿ. ಇಲ್ಲಿಗೆ ಬಂದ್ವಿ. ನಾನು ಇದೇ ಬೆಂಚಲ್ಲಿ ಕೂತಿದ್ದೆ. ಆಮೇಲೆ ಆಲ್ಕೊಳದಲ್ಲಿ ಕಬ್ಬಿನ ಹಾಲು ಕುಡಿಯೋಣ ಅಂದ್ರಿ. ಬಾಯಿ ಅರ್ಧ ಮರಗಟ್ಟಿತ್ತು, ಕುಡಿದಿದ್ದೆಲ್ಲ ಅಂಗಿ ಮೇಲೆ. ಅದಕ್ಕೆ ನೀವೇನೇನೋ ಮಾತಾಡಿ, ಅಲ್ಲಿದ್ದೋರೆಲ್ಲ ಹೊಟ್ಟೆ ಹಿಡ್ಕೊಂಡು ನಕ್ರು. ಅಲ್ಲಿಂದ ಗಾಜನೂರು ಡ್ಯಾಮಿಗೆ ಹೋದ್ವಿ. ಸಂಜೆವರೆಗೂ ಇದ್ವಿ."

"ಆಮೇಲೆ?"

"ಆಮೇಲೇನು. ಮಾರನೇ ದಿನ ಏಳಲಿಲ್ಲ. ಒಂದು ತಿಂಗಳು ನೀರಿನ ಲೋಟಾನೂ ನಾನೇ ಬಾಯಿಗೆ ಹಿಡೀಬೇಕಾಯ್ತು. ಸ್ವಲ್ಪ ಸರಿ ಹೋದ್ಮೇಲೆ ಒಂದ್ಸಲ ಕೇಳಿದೆ, ಗಾಜನೂರು ನೆನಪಿದ್ಯಾ ಅಂತ. 'ಅಲ್ಲೇನಿದೆ?' ಅಂದ್ರಿ. ಮತ್ತೆ ಕೇಳಲಿಲ್ಲ."

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದೆ. "ಹೇಳಿದ್ರೆ ಅಂಥ ಇನ್ನೊಂದು ದಿನ ಬರಿಸ್ತೀನಿ ಅಂತ ಇಲ್ಲದ ಶಕ್ತಿನೆಲ್ಲ ಸುರೀತಿದ್ರಿ. ನಂಗೆ ಆ ತಿಂಗಳ ಹೆದರಿಕೆ." ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಮತ್ತೆ, ನೀವೂ ಮರೆತ ಮೇಲೆ ಅದು ನನ್ನೊಬ್ಬಳದ್ದೇ ಆಯ್ತು. ಕೊಡಕ್ಕೆ ಮನಸ್ಸಾಗಲಿಲ್ಲ."

ಒಳಗಿನಿಂದ ಡಾಕ್ಟರ್ ನಫೀಸಾ, ಉಳಿದವನ್ನು ಏನು ಮಾಡುವುದು ಅಂಕಲ್ ಎಂದು ಕೇಳಿದರು. ಕಾಯಿಲೆ ಬಂದ ಮೇಲೆ ತುಂಬಿಸಿದ ಹಲ್ಲು ಕಾಯಿಲೆಗೆ ಕಾರಣವಾಗಲು ಸಾಧ್ಯವಿಲ್ಲ ಎಂಬಷ್ಟು ಬುದ್ಧಿ ನನಗಿನ್ನೂ ಇತ್ತು. ಮಿಕ್ಕ ಮೂರು ಭದ್ರಾವತಿಯವು ಗಟ್ಟಿಯಾಗಿದ್ದವು. ಇರಲಿ ಬಿಡಿ ಎಂದೆ. ಆದರೆ ಅವತ್ತು ಮನೆಗೆ ಬಂದು ಮಲಗಿದಾಗ ಎದೆಯಲ್ಲಿ ಚುಚ್ಚಿದ್ದು ಬೇರೆಯೇ ವಿಷಯ. ನನ್ನ ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಊರು ಸುತ್ತಿದ, ಬೀದಿಯಲ್ಲಿ ಜನರನ್ನು ನಗಿಸಿದ, ನನ್ನ ಹೆಸರಿನಲ್ಲಿ ಬಾಲ ಚಿಮ್ಮಿಸಿ ಸಹಿ ಹಾಕಿದ ಆ ಮನುಷ್ಯನ ಮೇಲೆ ನನಗೆ ಹೊಟ್ಟೆಕಿಚ್ಚಾಗಿತ್ತು. ಅವನು ಒಂದು ದಿನ ಮೆರೆದು ಹೋದ. ಅವನ ಆಯಾಸದ ತಿಂಗಳನ್ನು ತೀರಿಸಿದವನು ನಾನು.

ಹೊಟ್ಟೆಕಿಚ್ಚಿಗೇ ಇರಬೇಕು, ಮುಂದಿನ ಭಾನುವಾರ ಗಾಜನೂರಿಗೆ ಹೋಗೋಣವೆಂದೆ. ಆಟೋದಲ್ಲಿ, ನಿಧಾನವಾಗಿ, ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ ಹೋದೆವು. ಡ್ಯಾಮಿನ ನೀರು ಅಲುಗಾಡದೆ ನಿಂತಿತ್ತು. ಎಲ್ಲಿ ಕೂತಿದ್ದೆವೆಂದು ಕೇಳಿದೆ. ವನಜ ಒಂದು ಕಲ್ಲುಕಟ್ಟೆ ತೋರಿಸಿದಳು. ಕುಳಿತೆ. ಕಣ್ಣು ಮುಚ್ಚಿ ಬಹಳ ಹೊತ್ತು ಹುಡುಕಿದೆ. ಏನೂ ಬರಲಿಲ್ಲ. ನೀರಿನ ಕಡೆ ನೋಡುತ್ತಿದ್ದ ಅವಳ ಮುಖದಲ್ಲಿ ಮಾತ್ರ ಎಲ್ಲವೂ ನಡೆಯುತ್ತಿತ್ತು. ಯಾವುದೋ ಮಾತಿಗೆ ತುಟಿ ಅರಳಿತು. ನನ್ನ ಪಕ್ಕ ಕುಳಿತು ಅವಳು ಬೇರೆ ಯಾರದೋ ಜೊತೆ ಇದ್ದಳು.

"ಇಲ್ಲಿ ಏನು ಹೇಳಿದ್ದೆ?" ಎಂದೆ.

"ಈಗ್ಯಾಕೆ ಬಿಡಿ."

"ಹೇಳು."

"ಇನ್ಮೇಲೆ ರಾತ್ರಿ ಪಾತ್ರೆ ಎಲ್ಲ ನಾನೇ ತೊಳೀತೀನಿ ಅಂತ ಮಾತು ಕೊಟ್ರಿ."

ನಾನು ಅವಳ ಮುಖ ನೋಡಿದೆ. ಅವಳು ನೀರು ನೋಡುತ್ತಿದ್ದಳು. ಅದು ನಿಜವೋ, ಆ ಕ್ಷಣ ಹುಟ್ಟಿಸಿದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಇದ್ದ ಒಬ್ಬನೇ ಸಾಕ್ಷಿ ನಾನು, ನಾನೋ ಅಲ್ಲಿರಲಿಲ್ಲ.

ಈಗ ಸಿಂಕಿನ ಪಕ್ಕ ನನಗೊಂದು ಎತ್ತರದ ಸ್ಟೂಲು ಹಾಕಿದ್ದಾಳೆ. ದಿನಕ್ಕೆ ಎರಡು ಲೋಟ ಎಂದು ಡಾಕ್ಟರಿಗಿಂತ ಕಟ್ಟುನಿಟ್ಟಾಗಿ ಲೆಕ್ಕ ಹಾಕಿ ಕೊಡುತ್ತಾಳೆ. ಮೊನ್ನೆ ಎರಡು ಮುಗಿದ ಮೇಲೆ ತಟ್ಟೆಗಳಿಗೂ ಕೈ ಹಾಕಿದೆ, ಏನೋ ಹುರುಪು. ನಾಲ್ಕನೆಯ ತಟ್ಟೆ ಉಜ್ಜುತ್ತಿದ್ದಾಗ ವನಜ ಹಜಾರದಿಂದ ಓಡಿ ಬಂದು ನಲ್ಲಿ ನಿಲ್ಲಿಸಿ, ತಟ್ಟೆ ಕಿತ್ತುಕೊಂಡು, ನನ್ನ ಒದ್ದೆ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ಹೆದರಿಕೆಯೂ ಇತ್ತು, ಇನ್ನೊಂದೂ ಇತ್ತು. ಏನಾಯಿತೇ ಎಂದೆ.

ನಾನು ಸಿಳ್ಳೆ ಹಾಕುತ್ತಿದ್ದೆನಂತೆ. ನನಗೆ ಕೇಳಿಸಿರಲಿಲ್ಲ.